ಪ್ಲಸ್-ಮೈನಸ್ ಮಾಸ್ತರರಿಗೊಂದು ಬಹಿರಂಗ ಪತ್ರ

ಅರ್ಗಾ, ಕಾರವಾರ ತಾಲೂಕು

ಮಾನ್ಯ ಪ್ಲಸ್-ಮೈನಸ್ ಮಾಸ್ತರರಿಗೆ,

ಸಾಷ್ಟಾಂಗ ನಮಸ್ಕಾರ. ಇತ್ತ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸಿ ಯಾರೂ ಪತ್ರ ಬರೆಯುವುದಿಲ್ಲ ಎಂಬುದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ವಿಳಾಸ ಪತ್ತೆಹಚ್ಚುವುದು ಸುಲಭವಲ್ಲ. ಕಂಪ್ಯೂಟರ್ ಚೆಸ್ ಪ್ರೋಗ್ರಾಮುಗಳ ಯಾವ ರೇಟಿಂಗ್ ಪಟ್ಟಿ ತೆಗೆದರೂ ಮೊದಲು ಕ್ರಮಸಂಖ್ಯೆ, ಆಮೇಲೆ ಪ್ರೋಗ್ರಾಮಿನ ಹೆಸರು, ಆಮೇಲೆ ದಪ್ಪಕ್ಷರದಲ್ಲಿ ಮೂರು ಸಾವಿರದ ಚಿಲ್ಲರೆ ಅಂಕ. ಅದರ ಪಕ್ಕದ ಓಣಿಯಲ್ಲಿ, ತೆಳು ಅಕ್ಷರದಲ್ಲಿ, ನೀವು: ಪ್ಲಸ್ ಇಷ್ಟು, ಮೈನಸ್ ಇಷ್ಟು. ಓದುವವನ ಕಣ್ಣು ಹೆಸರಿನಿಂದ ಅಂಕಕ್ಕೆ, ಅಂಕದಿಂದ ಕ್ರಮಸಂಖ್ಯೆಗೆ ಓಡಾಡಿ ಅಲ್ಲೇ ಸುಸ್ತಾಗಿ ನಿಲ್ಲುತ್ತದೆ. ನಿಮ್ಮ ಓಣಿಗೆ ತಿರುಗುವುದೇ ಇಲ್ಲ.

ಆದರೂ ನೀವಲ್ಲಿ ಕೂತಿದ್ದೀರಿ ಎಂಬುದೇ ನಮಗೊಂದು ಕಿರಿಕಿರಿ. ಆದ್ದರಿಂದ ಸುತ್ತಿ ಬಳಸದೆ ಕೇಳುತ್ತೇನೆ: ದಯವಿಟ್ಟು ಸ್ವಯಂ ನಿವೃತ್ತಿ ತೆಗೆದುಕೊಳ್ಳಿ.

ಕಾರಣ ಹೇಳದೆ ಹಿರಿಯರನ್ನು ಎಬ್ಬಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಅದಕ್ಕೆ ಮೊದಲು ನಮ್ಮೂರಿನ ಬಗ್ಗೆ ಎರಡು ಮಾತು. ಅರ್ಗಾ ಹೆದ್ದಾರಿ 66ರ ಬದಿಯ ಊರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ಸಮುದ್ರಕ್ಕೂ ನಮಗೂ ನಡುವೆ ನೌಕಾನೆಲೆಯ ಕಂಪೌಂಡು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು, 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಸೇವೆಗೆ ಸೇರಿತು. ಗೋಡೆಯೊಳಗೆ ಎಷ್ಟು ಹಡಗಿವೆ ಎಂದು ನೆಂಟರು ಕೇಳಿದರೆ ಇಲ್ಲಿನವರು ಒಂದು ಸಂಖ್ಯೆ ಹೇಳಿ, ಉಸಿರು ಬಿಡುವಷ್ಟರಲ್ಲಿ "ಒಂದೆರಡು ಆಚೀಚೆ" ಎಂದು ಸೇರಿಸುತ್ತಾರೆ. ಅಂದರೆ ನೀವು ನಮಗೆ ಅಪರಿಚಿತರೇನಲ್ಲ. ಕಾಣದ್ದನ್ನು ಎಣಿಸುವಾಗ ನಿಮ್ಮನ್ನು ಕರೆದು ಕೂರಿಸಿಕೊಳ್ಳುವ ಇದೇ ಜನ, ಮೊಬೈಲಿನ ಪರದೆಯಲ್ಲಿ ಕಂಡ ಸಂಖ್ಯೆಯ ಮುಂದೆ ಮಾತ್ರ ಕೈಮುಗಿದು ನಿಲ್ಲುತ್ತಾರೆ.

ನಮ್ಮ ಕೇರಿಯಲ್ಲಿ ಚೆಸ್ ಹುಚ್ಚಿನ ಒಬ್ಬ ಕಾಲೇಜು ಹುಡುಗನಿದ್ದಾನೆ. ಮೊನ್ನೆ ಜಗುಲಿಯಲ್ಲಿ ಕೂತು ಪಟ್ಟಿ ತೋರಿಸಿದ. "ನೋಡಿ ಮಾಮಾ, ಇದು ಒಂದನೇ ನಂಬರು. ಇದು ಎರಡು. ನಾನು ಇನ್ನು ಮೇಲೆ ಒಂದನೇದರಲ್ಲೇ ಅಭ್ಯಾಸ ಮಾಡೋದು."

"ಎರಡಕ್ಕೂ ಎಷ್ಟು ಅಂತರ?"

"ಮೂರು ಅಂಕ."

"ಪಕ್ಕದಲ್ಲಿ ಏನೋ ಬರೆದಿದೆಯಲ್ಲ?"

ಹುಡುಗ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದ. "ಎಂಥದೋ ಪ್ಲಸ್-ಮೈನಸ್ ಹತ್ತು ಅಂತಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಎರಡನೇದೇ ಒಂದನೇದು ಇರಬಹುದಾ?" ಎಂದ. ಮುಖ ಬಾಡಿಹೋಯಿತು. ನೋಡಿದಿರಾ ಮಾಸ್ತರೇ, ಬೆಳೆಯುವ ಹುಡುಗನ ಉತ್ಸಾಹದ ಮೇಲೆ ನಿಮ್ಮಿಂದ ಎಂಥಾ ತಣ್ಣೀರು!

ಈ ಪಂಚಾಯ್ತಿಗೆಲ್ಲ ಮೂಲಪುರುಷರು ಅರ್ಪಾದ್ ಎಲೋ. ಹಂಗೇರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದವರು. ಅವರ ರೇಟಿಂಗ್ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಶನ್ 1960ರಲ್ಲೂ ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲೂ ಒಪ್ಪಿಕೊಂಡವು. ಲೆಕ್ಕ ಸರಳ. ಒಬ್ಬೊಬ್ಬರ ಅಂಕಕ್ಕೆ ಸ್ವಂತ ಅರ್ಥವಿಲ್ಲ, ಇಬ್ಬರ ನಡುವಿನ ಅಂತರಕ್ಕೆ ಮಾತ್ರ ಅರ್ಥ. ಸಮಾನರಾದರೆ ಅರ್ಧರ್ಧ. 100 ಅಂಕ ಮೇಲಿರುವವನು ನೂರಕ್ಕೆ 64 ಪಾಲು ಗಳಿಸಬೇಕು, 200 ಮೇಲಿರುವವನು 76 ಪಾಲು. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ಅಂಕ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಆದರೆ ಎಲೋ ಸಾಹೇಬರಿಗೆ ತಮ್ಮ ಅಳತೆಗೋಲಿನ ಮೇಲೆ ಕುರುಡು ಭಕ್ತಿ ಇರಲಿಲ್ಲ. ಗಾಳಿಗೆ ತೂಗಾಡುವ ಹಗ್ಗಕ್ಕೆ ಗಜಕೋಲು ಕಟ್ಟಿಕೊಂಡು, ನೀರಿನ ಮೇಲೆ ಏಳುತ್ತ ಬೀಳುತ್ತ ಇರುವ ಬೆಂಡು ಎಲ್ಲಿದೆಯೆಂದು ಅಳೆಯುವ ಕೆಲಸಕ್ಕೆ ರೇಟಿಂಗನ್ನು ಹೋಲಿಸಿದವರು ಅವರೇ. ರಂಪಣಿ ಬಲೆಯ ಬೆಂಡುಗಳನ್ನು ನೋಡುತ್ತ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಹೇಳಿದ್ದು ಮನುಷ್ಯರ ಬಗ್ಗೆ. ನಿದ್ದೆಗೆಟ್ಟು ಬರುವವರು, ಮನೆಯಲ್ಲಿ ಜಗಳ ಮಾಡಿ ಬರುವವರು, ಸೋತು ಸೋತು ಧೈರ್ಯ ಕಳಕೊಂಡವರು. ಯಂತ್ರಕ್ಕೆ ಇವ್ಯಾವುವೂ ಇಲ್ಲವಲ್ಲ, ಅದರ ಅಳತೆಯಾದರೂ ಗಟ್ಟಿಯಾಗಿರಲಿ ಎಂಬುದು ನಮ್ಮ ಬಡ ಆಸೆ. ಅಲ್ಲೂ ನೀವು ಬಂದಿರಿ.

ಎರಡು ಪ್ರೋಗ್ರಾಮುಗಳು ನೂರು ಆಟ ಆಡಿದವು ಅನ್ನಿ. ಒಂದು 30 ಗೆದ್ದು 20 ಸೋತಿತು, 50 ಡ್ರಾ. ಅಂದರೆ 55ಕ್ಕೆ 45. ಯಾವ ಊರಿನ ಪಂಚರಾದರೂ ಇದನ್ನು ಗೆಲುವೆಂದೇ ಬರೆದುಕೊಳ್ಳುತ್ತಾರೆ. ನೂರು ಆಟ ಆಡಿಸಿದ ಮೇಲೆ ಇನ್ನೇನು ಬೇಕು? ಎಲೋ ಲೆಕ್ಕದಲ್ಲಿ ಸುಮಾರು 35 ಅಂಕದ ಮೇಲುಗೈ. ನೀವು ಪಕ್ಕದಲ್ಲಿ ಕೆಮ್ಮಿ, ಪ್ಲಸ್-ಮೈನಸ್ 48 ಎನ್ನುತ್ತೀರಿ. ಗೆದ್ದದ್ದು 83 ಅಂಕ ಮೇಲೂ ಇರಬಹುದಂತೆ, 13 ಅಂಕ ಕೆಳಗೂ ಇರಬಹುದಂತೆ! ಹೋಗಲಿ, ಎಷ್ಟು ಆಡಿಸಿದರೆ ತಾವು ತೃಪ್ತರಾಗುತ್ತೀರಿ ಎಂದು ಕೇಳಿದರೆ ಇನ್ನೂ ಭಯಂಕರ ಉತ್ತರ. ಅರ್ಧದಷ್ಟು ಆಟ ಡ್ರಾ ಆಗುತ್ತವೆಂದು ಹಿಡಿದರೆ, ಬರೀ 5 ಅಂಕದ ಅಂತರವನ್ನು ಬಯಲಿಗೆ ತರಲು ಒಂಬತ್ತು ಸಾವಿರ ಆಟ ಬೇಕು. ತಪ್ಪಿನ ಅಳತೆ ಅರ್ಧಕ್ಕಿಳಿಯಬೇಕಾದರೆ ಆಟ ಎರಡು ಪಟ್ಟು ಮಾಡಿದರೆ ಸಾಲದು, ನಾಲ್ಕು ಪಟ್ಟು ಮಾಡಬೇಕು. ಸಾಲ ಕೊಡುವವರೂ ಇಷ್ಟು ಬಡ್ಡಿ ಹಾಕುವುದಿಲ್ಲ ಮಾಸ್ತರೇ.

ಹುಡುಗನಿಗೆ ಸಮಾಧಾನವಾಗಲೆಂದು ಒಂದು ಆಟ ಹೇಳಿಕೊಟ್ಟೆ. ಒಂದೇ ಪ್ರೋಗ್ರಾಮಿನ ಎರಡು ಪ್ರತಿ ತೆಗೆದುಕೋ. ಅದೇ ಆವೃತ್ತಿ, ಅದೇ ಲ್ಯಾಪ್‌ಟಾಪು, ಅದೇ ಸಮಯ. ಒಂದಕ್ಕೆ "ಅರ್ಗಾ" ಎಂದು ಹೆಸರಿಡು, ಇನ್ನೊಂದಕ್ಕೆ "ಬಿಣಗಾ" ಎಂದು. ರಾತ್ರಿ ಓಡಲು ಬಿಟ್ಟು ಮಲಗು. ಬೆಳಿಗ್ಗೆ ಎದ್ದು ನೋಡಿದಾಗ ನಲವತ್ತು ಆಟದಲ್ಲಿ ಅರ್ಗಾ 11 ಗೆದ್ದು 6 ಸೋತಿದೆ, 23 ಡ್ರಾ ಎಂದಿಟ್ಟುಕೋ. ಅರ್ಗಾ 44 ಅಂಕ ಮೇಲಾಯಿತು. ಯಾವುದು ಬಲಶಾಲಿ ಎನ್ನುವ ಖಾತ್ರಿಯನ್ನು ಲೆಕ್ಕ ಹಾಕುವ ಸೂತ್ರ ಈ ಪಟ್ಟಿಗಳಲ್ಲಿದೆ. ಅದರಲ್ಲಿ ಡ್ರಾಗಳಿಗೆ ಬೆಲೆಯಿಲ್ಲ, ಗೆಲುವು ಸೋಲು ಮಾತ್ರ. ಅದರ ಪ್ರಕಾರ ಅರ್ಗಾವೇ ಮೇಲು ಎನ್ನಲು ಶೇಕಡಾ 89ರಷ್ಟು ಭರವಸೆ! ತನಗಿಂತ ತಾನೇ ಮೇಲು. ಇಂಥ ಫಲಿತಾಂಶ ಅಪರೂಪವೂ ಅಲ್ಲ. ಬರಿಯ ಅದೃಷ್ಟದಿಂದ ಎರಡರಲ್ಲೊಂದು ಇಷ್ಟು ಮುಂದೆ ಹೋಗುವುದು ಧಾರಾಳವಾಗಿ ನಡೆಯುತ್ತದೆ. ಹುಡುಗ ಬಿದ್ದು ಬಿದ್ದು ನಕ್ಕ. ಆದರೂ, "ಹೇಗಿದ್ದರೂ ಗೆದ್ದದ್ದು ಅರ್ಗಾ ಅಲ್ವಾ ಮಾಮಾ" ಎಂದು ಸೇರಿಸುವುದನ್ನು ಮರೆಯಲಿಲ್ಲ. ಊರಿನ ಅಭಿಮಾನಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮದ್ದಿಲ್ಲ.

ಇದನ್ನೇ ಹಿಗ್ಗಿಸಿ. ಮಾಜಾಳಿಯಿಂದ ಬೇಲೇಕೇರಿವರೆಗಿನ ಇಪ್ಪತ್ತು ಊರುಗಳ ಹೆಸರಲ್ಲಿ ಅದೇ ಪ್ರೋಗ್ರಾಮಿನ ಇಪ್ಪತ್ತು ಪ್ರತಿ ಕೂರಿಸಿದರೂ ಒಂದರಿಂದ ಇಪ್ಪತ್ತರವರೆಗೆ ಸಾಲಾಗಿ ಪಟ್ಟಿ ಬಂದೇ ಬರುತ್ತದೆ. ಯಾರೋ ಮೊದಲಿಗರು, ಯಾರೋ ಕೊನೆಯವರು. ಮೊದಲಿಗರ ಗೆಲುವಿಗೆ ಕಾರಣ ವಿವರಿಸುವವರೂ ಹುಟ್ಟಿಕೊಳ್ಳುತ್ತಾರೆ. ನೂರಾರು ಪ್ರೋಗ್ರಾಮುಗಳ ನಿಜವಾದ ಪಟ್ಟಿಯಲ್ಲೂ ತುದಿಗೆ ಏರಿದ್ದಕ್ಕೆ ಸಾಮರ್ಥ್ಯದ ಜೊತೆಗೆ ಒಂದಿಷ್ಟು ಅದೃಷ್ಟವೂ ಇದ್ದೇ ಇರುತ್ತದೆ. ಹೆಚ್ಚು ಆಡಿಸಿದಂತೆ ತುದಿಯಲ್ಲಿದ್ದದ್ದು ಒಂದೆರಡು ಮೆಟ್ಟಿಲು ಇಳಿದರೆ ಅಭಿಮಾನಿಗಳು ಹೊಸ ಆವೃತ್ತಿ ಕೆಟ್ಟಿತು ಎಂದು ಗೋಳಾಡುತ್ತಾರೆ.

ನಿಮ್ಮ ಜೊತೆ ಚೌಕಾಸಿ ಮಾಡೋಣವೆಂದರೆ ನಿಮ್ಮ ಹಿಂದೆ ನಿಂತವರು ಸಾಮಾನ್ಯರಲ್ಲ. 1920ರಲ್ಲಿ ನಮ್ಮದೇ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು. 1945ರಲ್ಲಿ, ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಕಲ್ಕತ್ತೆಯ ಗಣಿತ ಪತ್ರಿಕೆಯೊಂದರಲ್ಲಿ ಅವರು ಬರೆದ ಲೇಖನದಿಂದ ನಿಮಗೊಂದು ತಳಪಾಯ ಸಿಕ್ಕಿತು. ಕೈಯಲ್ಲಿರುವ ಮಾಹಿತಿ ಇಷ್ಟು ಎಂದಾದ ಮೇಲೆ, ಪಕ್ಷಪಾತವಿಲ್ಲದ ಯಾವ ಲೆಕ್ಕಾಚಾರವೂ ತಪ್ಪಿನ ಅಳತೆಯನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಾರದು ಎಂದು ಅವರು ಸಾಧಿಸಿದರು. ಸ್ವೀಡನ್ನಿನ ಹರಾಲ್ಡ್ ಕ್ರಾಮೆರ್ ಪ್ರತ್ಯೇಕವಾಗಿ ಅದೇ ತೀರ್ಮಾನಕ್ಕೆ ಬಂದಿದ್ದರಿಂದ ಅದಕ್ಕೆ ಕ್ರಾಮೆರ್-ರಾವ್ ಮಿತಿ ಎಂದು ಹೆಸರು. ಎಷ್ಟೇ ಬುದ್ಧಿವಂತ ಸೂತ್ರ ಬಳಸಿ, ನೂರು ಆಟದಿಂದ ನೂರು ಆಟದಷ್ಟೇ ಸತ್ಯ ಹಿಂಡಬಹುದು. 2023ರಲ್ಲಿ ರಾವ್ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟಿನಲ್ಲಿ 102ರ ವಯಸ್ಸಿನಲ್ಲಿ ತೀರಿಕೊಂಡರು. ಬಳ್ಳಾರಿ ಸೀಮೆಯ ಮನುಷ್ಯ ಹಾಕಿದ ಬೇಲಿಯನ್ನು ಕಾರವಾರದವನು ಹಾರುವುದು ಹೇಗೆ?

ಇಷ್ಟಾಗಿಯೂ ನಿಮ್ಮ ಮಾತನ್ನು ಕೇಳುವ ಒಂದು ಮನೆ ಇದೆ ಎಂಬುದನ್ನು ಒಪ್ಪುತ್ತೇನೆ. ಸ್ಟಾಕ್‌ಫಿಶ್ 2008ರಲ್ಲಿ ಶುರುವಾದ ಪ್ರೋಗ್ರಾಮು. ಯಾರು ಬೇಕಾದರೂ ತಿದ್ದಬಹುದು. 2013ರಿಂದ ಅಲ್ಲಿ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆಯಿದೆ. ಯಾರಾದರೂ ಒಂದು ಸಾಲು ಬದಲಿಸಿ "ಇದರಿಂದ ಆಟ ಸುಧಾರಿಸಿತು" ಎಂದರೆ ಯಾರೂ ವಾದಿಸುವುದಿಲ್ಲ. ಜಗತ್ತಿನಾದ್ಯಂತ ಸ್ವಯಂಸೇವಕರು ಬಿಟ್ಟುಕೊಟ್ಟ ಕಂಪ್ಯೂಟರುಗಳಲ್ಲಿ ಹಳೆಯದಕ್ಕೂ ಹೊಸದಕ್ಕೂ ಆಟ ಹಚ್ಚುತ್ತಾರೆ. ಎಷ್ಟು ಆಟ ಎಂದು ಮೊದಲೇ ಗೊತ್ತುಮಾಡುವುದಿಲ್ಲ, ಮನಸ್ಸಿಗೆ ಬಂದಾಗ ನಿಲ್ಲಿಸುವುದೂ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕಿನ ಗುಣಮಟ್ಟ ಪರೀಕ್ಷಿಸಲು ಅಬ್ರಹಾಂ ವಾಲ್ಡ್ ಕಟ್ಟಿದ ವಿಧಾನ ಇಲ್ಲಿ ನಡೆಯುತ್ತದೆ: ಪ್ರತಿ ಫಲಿತಾಂಶದ ನಂತರ ಸಾಕ್ಷ್ಯ ತೂಗಬೇಕು, ಮೇಲಿನ ಗೆರೆ ದಾಟಿದರೆ ತಿದ್ದುಪಡಿ ಸೇರಿತು, ಕೆಳಗಿನ ಗೆರೆ ದಾಟಿದರೆ ಬಿದ್ದಿತು, ನಡುವಿದ್ದರೆ ಆಟ ಮುಂದುವರಿಯಲಿ. ಒಂದೆರಡು ಅಂಕದ ಸುಧಾರಣೆಗಾಗಿ ಹತ್ತಾರು ಸಾವಿರ ಆಟ. ಕೋಡ್ ಬರೆದವರು ಎಷ್ಟೇ ದೊಡ್ಡವರಾಗಲಿ, ಗೆರೆ ದಾಟದಿದ್ದರೆ ಮನೆಗೆ.

ನಮ್ಮ ಅಭಿಮಾನಿಗಳು ಮಾಡುವುದು ಬೇರೆ. ನೆಚ್ಚಿನ ಪ್ರೋಗ್ರಾಮು ಹಿಂದಿದ್ದರೆ "ಇನ್ನೂ ಸ್ವಲ್ಪ ಓಡಲಿ", ಮುಂದೆ ಬಂದ ಕೂಡಲೇ "ಸಾಕು, ಕರೆಂಟು ಹೋಗುವಷ್ಟರಲ್ಲಿ ಫೋಟೋ ತೆಗೆ". ಈ ವಿಧಾನದಲ್ಲಿ ಯಾರನ್ನು ಬೇಕಾದರೂ ಗೆಲ್ಲಿಸಬಹುದು, ತಾಳ್ಮೆ ಒಂದಿದ್ದರೆ.

ನೀವಿಲ್ಲದ ಕಾಲ ಎಷ್ಟು ಚೆನ್ನಾಗಿತ್ತು! 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಐಬಿಎಂನ ಡೀಪ್ ಬ್ಲೂ ಯಂತ್ರ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್‌ನನ್ನು ಮೂರೂವರೆ-ಎರಡೂವರೆಯಿಂದ ಸೋಲಿಸಿತು. ಆರೇ ಆರು ಆಟ: ಎರಡು ಗೆಲುವು, ಒಂದು ಸೋಲು, ಮೂರು ಡ್ರಾ. ಯಂತ್ರ ಮನುಷ್ಯನನ್ನು ಮೀರಿತು ಎಂದು ಜಗತ್ತು ತೀರ್ಪು ಕೊಟ್ಟಿತು. ನಿಮ್ಮನ್ನು ಕೇಳಿದ್ದರೆ, ಆ ಆರು ಆಟಗಳ ಬಲದ ಮೇಲೆ ಡೀಪ್ ಬ್ಲೂ ಮೇಲು ಎನ್ನಲು ಶೇಕಡಾ 72ರಷ್ಟು ಭರವಸೆ ಮಾತ್ರ, ಇನ್ನೂ ಕೆಲವು ನೂರು ಆಟ ಆಡಿಸಿ ಎನ್ನುತ್ತಿದ್ದಿರಿ. ಕಾಸ್ಪರೋವ್ ಮರುಪಂದ್ಯ ಕೇಳಿದ. ಐಬಿಎಂ ಯಂತ್ರವನ್ನೇ ಬಿಚ್ಚಿಟ್ಟಿತು. ಒಂಬತ್ತು ಸಾವಿರ ಆಟಕ್ಕೆ ಯಾವ ಕಂಪನಿ ತಾನೇ ಹಾಲ್ ಬಾಡಿಗೆ ಕೊಡುತ್ತದೆ? ಹಾಗೆಂದು ತೀರ್ಪು ತಪ್ಪಾಗಲಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಅದು ನಿಜವೇ ಆಯಿತು. ಸಾಕ್ಷ್ಯವಿಲ್ಲದೆ ಕೊಟ್ಟ ತೀರ್ಪು ಕೆಲವೊಮ್ಮೆ ಸರಿಯಾಗಿಬಿಡುತ್ತದೆ, ಅದು ನಿಮ್ಮ ವೃತ್ತಿಗೇ ಒಂದು ಅವಮಾನ.

ಇಲ್ಲಿಯವರೆಗೆ ನಿಮ್ಮ ಪ್ರಾಮಾಣಿಕತೆಯ ವಿರುದ್ಧ ದೂರು ಹೇಳಿದೆ. ಈಗ ಇನ್ನೊಂದು ಬಗೆಯ ದೂರಿದೆ, ಅದು ಹೆಚ್ಚು ಗಂಭೀರವಾದದ್ದು. ನೀವು ಸಾಕಷ್ಟು ಪ್ರಾಮಾಣಿಕರಲ್ಲ ಎಂಬುದು.

2017ರ ಡಿಸೆಂಬರಿನಲ್ಲಿ ಗೂಗಲ್‌ನ ಡೀಪ್‌ಮೈಂಡ್ ಕಂಪನಿ ಬಾಂಬು ಹಾಕಿತು. ಅದರ ಪ್ರೋಗ್ರಾಮು ಆಲ್ಫಾಝೀರೋ ಸ್ಟಾಕ್‌ಫಿಶ್ 8ರ ಜೊತೆ ನೂರು ಆಟ ಆಡಿ 28 ಗೆದ್ದು 72 ಡ್ರಾ ಮಾಡಿಕೊಂಡಿತ್ತು, ಒಂದೂ ಸೋತಿರಲಿಲ್ಲ. 100 ಅಂಕದ ಮೇಲುಗೈ. ಅಲ್ಲಿ ನಿಮ್ಮ ತಕರಾರೇ ಇಲ್ಲ. 28-0 ಎಂದರೆ ಅದೃಷ್ಟಕ್ಕೆ ಜಾಗವಿಲ್ಲವೆಂದು ನೀವೇ ಸಹಿ ಹಾಕಿದಿರಿ. ಆದರೆ ಒಂದು ಪಕ್ಷ ಗೂಗಲ್‌ನ ವಿಶೇಷ ಚಿಪ್‌ಗಳ ಮೇಲೆ ಕೂತಿತ್ತು, ಇನ್ನೊಂದು ಸಾಮಾನ್ಯ ಪ್ರೊಸೆಸರುಗಳ ಮೇಲೆ. ಸ್ಟಾಕ್‌ಫಿಶ್‌ಗೆ ಕೊಟ್ಟ ನೆನಪಿನ ಜಾಗ 1 ಗಿಗಾಬೈಟ್, 64 ಥ್ರೆಡ್‌ಗಳಿಗೆ ಅದು ಯಾವ ಮೂಲೆಗೂ ಸಾಲದು. ಪ್ರತಿ ನಡೆಗೆ ಕಡ್ಡಾಯವಾಗಿ ಒಂದು ನಿಮಿಷ. ಎಲ್ಲಿ ಹೆಚ್ಚು ಯೋಚಿಸಬೇಕು ಎಂದು ತಾನೇ ನಿರ್ಧರಿಸುವ ಅದರ ಜಾಣ್ಮೆಗೆ ಕೆಲಸವೇ ಇರಲಿಲ್ಲ. ಸ್ಟಾಕ್‌ಫಿಶ್ ಕಟ್ಟಿದವರು ಆಕ್ಷೇಪಿಸಿದ್ದು ಇದನ್ನೇ. ಮುಂದಿನ ವರ್ಷ ಷರತ್ತು ಸರಿಪಡಿಸಿ ಸಾವಿರ ಆಟ ಆಡಿಸಿದಾಗ 155 ಗೆಲುವು, 6 ಸೋಲು, ಉಳಿದದ್ದು ಡ್ರಾ. ಆಲ್ಫಾಝೀರೋ ಮೇಲು ಎಂಬುದು ಉಳಿಯಿತು, 100 ಅಂಕ ಉಳಿಯಲಿಲ್ಲ, ಸುಮಾರು 50ಕ್ಕೆ ಬಂತು. ಮೊದಲ ಬಾರಿ ನೀವು ಎಲ್ಲಿದ್ದಿರಿ ಮಾಸ್ತರೇ? ನಾಣ್ಯ ಎಷ್ಟು ಸಲ ಚಿಮ್ಮಿತು ಎಂದು ಎಣಿಸಿದಿರೇ ಹೊರತು ಚಿಮ್ಮುವವನ ಕೈ ನೋಡಲಿಲ್ಲ.

ಇದೇ ನಿಮ್ಮ ಮೇಲಿನ ದೊಡ್ಡ ಆರೋಪ. ಅದೃಷ್ಟದ ಏರುಪೇರು ಮಾತ್ರ ನಿಮ್ಮ ಖಾತೆ. ಆಟದ ಅಂಗಳವೇ ವಾಲಿದ್ದರೆ ನಿಮಗೆ ಕಾಣುವುದಿಲ್ಲ. ಹತ್ತು ಲಕ್ಷ ಆಟ ಆಡಿಸಿದರೂ ವಾಲಿದ ಅಂಗಳ ವಾಲಿಯೇ ಇರುತ್ತದೆ. ನೀವು ಮಾತ್ರ ಚಿಕ್ಕದಾಗುತ್ತ ಚಿಕ್ಕದಾಗುತ್ತ, ತಪ್ಪು ಸಂಖ್ಯೆಯ ಪಕ್ಕದಲ್ಲಿ ಅತ್ಯಂತ ಖಚಿತವಾಗಿ ನಿಂತಿರುತ್ತೀರಿ.

ಅಂಗಳ ಎಲ್ಲೆಲ್ಲಿ ವಾಲುತ್ತದೆ? ಮೊದಲು ಓಪನಿಂಗು, ಅಂದರೆ ಆರಂಭದ ನಡೆಗಳು. ಈಗಿನ ಮೇಲ್ದರ್ಜೆಯ ಪ್ರೋಗ್ರಾಮುಗಳನ್ನು ಆರಂಭದ ಸ್ಥಿತಿಯಿಂದ ಸಾಕಷ್ಟು ಸಮಯ ಕೊಟ್ಟು ಆಡಿಸಿದರೆ ಬಹುತೇಕ ಡ್ರಾ. ನೋಡುವವರಿಗೂ ಬೇಸರ, ಅಂಕದ ಅಂತರವೂ ಕುಗ್ಗಿ ಎಲ್ಲರೂ ಒಂದೇ ಕಂಬಳಿಯಡಿ. ಅದಕ್ಕೆ ಪಂದ್ಯ ಏರ್ಪಡಿಸುವವರು ಬೇಕೆಂದೇ ಒಂದು ಕಡೆಗೆ ಸ್ವಲ್ಪ ಲಾಭವಿರುವ ಓಪನಿಂಗ್ ಆರಿಸಿ, ಅದೇ ಸ್ಥಿತಿಯಲ್ಲಿ ಇಬ್ಬರಿಗೂ ಒಮ್ಮೆ ಬಿಳಿ, ಒಮ್ಮೆ ಕಪ್ಪು ಕೊಡುತ್ತಾರೆ. 2010ರಲ್ಲಿ ಶುರುವಾದ ಟಿಸಿಇಸಿ ಪಂದ್ಯಾವಳಿಯ ನೂರು ಆಟದ ಅಂತಿಮ ಸುತ್ತಿಗೆ ಇಂಥ ಓಪನಿಂಗುಗಳನ್ನು ಆರಿಸುವುದೇ ಒಂದು ವಿದ್ಯೆಯಾಗಿದೆ. ತಪ್ಪಲ್ಲ. ಆದರೆ ಸಮತೂಕದ ಓಪನಿಂಗ್ ಕೊಟ್ಟರೆ ಅಂಟಿಕೊಂಡು ನಿಲ್ಲುವ ಎರಡು ಪ್ರೋಗ್ರಾಮುಗಳು ಚೂಪಾದ ಓಪನಿಂಗ್ ಕೊಟ್ಟರೆ ದೂರ ದೂರ ಸರಿಯುತ್ತವೆ. ಯಾವುದು ನಿಜವಾದ ಅಂತರ? ಪಟ್ಟಿಯವರು ಯಾವ ಓಪನಿಂಗ್ ಪುಸ್ತಕ ಹಿಡಿದರೋ ಅದು. ಇನ್ನೊಂದು ಮಾತು ನಿಮ್ಮ ಕಿವಿಗೆ ಮಾತ್ರ: ಹೀಗೆ ಜೋಡಿ ಜೋಡಿಯಾಗಿ ಆಡಿಸಿದಾಗ ಒಂದು ಆಟದ ಫಲ ಇನ್ನೊಂದಕ್ಕೆ ಸಂಬಂಧವಿಲ್ಲದ್ದೆಂದು ಹಿಡಿದು ನಿಮ್ಮನ್ನು ಲೆಕ್ಕ ಹಾಕಿದರೆ ನೀವೇ ತಪ್ಪಾಗುತ್ತೀರಿ. ಫಿಶ್‌ಟೆಸ್ಟಿನವರು ಜೋಡಿಯನ್ನೇ ಒಂದು ಘಟಕವೆಂದು ಎಣಿಸಿ ಸೊನ್ನೆಯಿಂದ ಎರಡರವರೆಗೆ ಐದು ಫಲಿತಾಂಶದ ಲೆಕ್ಕ ಇಟ್ಟಿದ್ದು ಅದಕ್ಕೇ.

ಎರಡನೆಯದು ಬಾವಿ. ಯಾರೊಡನೆ ಆಡುತ್ತೀರೋ ಅವರಿಂದಲೇ ಅಂಕ. ಅಮೆರಿಕದ ವರ್ಜೀನಿಯಾದ ಜೈಲಿನಲ್ಲಿದ್ದ ಕ್ಲಾಡ್ ಬ್ಲಡ್‌ಗುಡ್ ಎಂಬ ಕೈದಿ ಜೊತೆಕೈದಿಗಳೊಡನೆಯೇ ಸಾವಿರಾರು ಆಟ ಆಡಿ 1996ರಲ್ಲಿ 2702 ಅಂಕ ತಲುಪಿದ. ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನ! ಅವನ ಆಟದ ಸಂಖ್ಯೆ ನೋಡಿದ್ದರೆ ನೀವು ಕಣ್ಣುಮುಚ್ಚಿ ಖಾತ್ರಿ ಕೊಡುತ್ತಿದ್ದಿರಿ. ಕಂಪ್ಯೂಟರ್ ಪಟ್ಟಿಗಳೂ ಮುಚ್ಚಿದ ಬಾವಿಗಳೇ. ಒಂದೇ ಮೂಲದಿಂದ ಕವಲೊಡೆದ ಪ್ರೋಗ್ರಾಮುಗಳು ಬೇರೆ ಬೇರೆ ಹೆಸರಲ್ಲಿ ಬಂದು ಪರಸ್ಪರ ಬಡಿದಾಡುತ್ತವೆ. ರಿಬ್ಕಾ ಎಂಬ ಪ್ರೋಗ್ರಾಮು 2007ರಿಂದ 2010ರವರೆಗೆ ಸತತ ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್. ಬೇರೆಯವರ ಕೋಡ್ ಬಳಸಿದೆಯೆಂದು 2011ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಆ ನಾಲ್ಕೂ ಪಟ್ಟಗಳನ್ನು ಕಿತ್ತುಕೊಂಡಿತು. ಪಟ್ಟ ಹೋಯಿತು, ಅದು ಗೆದ್ದ ಆಟಗಳಿಂದ ಉಳಿದವರು ಕಳೆದುಕೊಂಡ ಅಂಕ?

ಮೂರನೆಯದು ಗೂಟ. ಅಂತರಕ್ಕೆ ಮಾತ್ರ ಅರ್ಥ ಎಂದಮೇಲೆ ಎಲ್ಲ ಅಂಕಗಳನ್ನೂ ಎಲ್ಲೋ ಒಂದು ಕಡೆ ಗೂಟ ಹೊಡೆದು ಕಟ್ಟಬೇಕು. ಸ್ವೀಡನ್ನಿನ ಎಸ್‌ಎಸ್‌ಡಿಎಫ್ ಸಂಘ 1984ರಿಂದ ಪಟ್ಟಿ ನಡೆಸುತ್ತಿದೆ. ಆ ಕಾಲದಲ್ಲಿ ಸ್ವೀಡನ್ನಿನ ಆಟಗಾರರೊಡನೆ ಯಂತ್ರಗಳನ್ನು ಆಡಿಸಿ ಗೂಟ ಹೊಡೆದರು. ಯಂತ್ರಗಳು ಬೆಳೆದಂತೆ ಗೂಟ ಅಲುಗಾಡಿತು. 2000ದಲ್ಲಿ ಒಂದೇ ಏಟಿಗೆ ಪಟ್ಟಿಯಲ್ಲಿದ್ದ ಎಲ್ಲರಿಂದಲೂ 100 ಅಂಕ ಕಳೆದರು. 2006ರಲ್ಲಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಬಾನ್ ನಗರದಲ್ಲಿ ಡೀಪ್ ಫ್ರಿಟ್ಸ್‌ಗೆ 4-2ರಿಂದ ಸೋತ ಮೇಲೆ ಇಂಥ ಪಂದ್ಯಗಳೇ ಹೆಚ್ಚುಕಮ್ಮಿ ನಿಂತವು, ಮನುಷ್ಯರಿಗೂ ಯಂತ್ರಗಳಿಗೂ ನಡುವಿನ ಸಂಕ ಮುರಿಯಿತು. ಮನುಷ್ಯರಲ್ಲಿ ಕಾರ್ಲ್‌ಸನ್‌ನ 2014ರ ದಾಖಲೆ 2882. ಯಂತ್ರಕ್ಕೆ 3600. "ಮಾಮಾ, 700 ಅಂಕ ವ್ಯತ್ಯಾಸ!" ಎಂದು ನಮ್ಮ ಹುಡುಗ ಬಾಯಿಬಿಡುತ್ತಾನೆ. ಎರಡೂ ಬೇರೆ ಬೇರೆ ಗೂಟಕ್ಕೆ ಕಟ್ಟಿದ ಸಂಖ್ಯೆ, ಕಳೆಯುವಂತಿಲ್ಲ. ಅದೇ ಪ್ರೋಗ್ರಾಮಿಗೆ ಎರಡು ಪಟ್ಟಿಗಳು ಬೇರೆ ಬೇರೆ ಅಂಕ ಕೊಟ್ಟರೂ ಎರಡೂ ಸರಿಯೇ. ಇದನ್ನು ಹೇಳಬೇಕಾದ ಜಾಗದಲ್ಲಿ ನೀವು ಪ್ಲಸ್-ಮೈನಸ್ 10 ಎಂದು ಗಂಭೀರವಾಗಿ ಕೂತಿದ್ದೀರಿ.

ಮನುಷ್ಯರ ಪಟ್ಟಿ ಇದಕ್ಕಿಂತ ಮೇಲೆಂದು ಭ್ರಮೆಯಿಲ್ಲ. 2024ರ ಮಾರ್ಚ್ 1ರಂದು ಫಿಡೆ 2000ಕ್ಕಿಂತ ಕೆಳಗಿದ್ದ ಎಲ್ಲರ ಅಂಕ ಏರಿಸಿತು. 1200 ಇದ್ದ ಮಗು ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ 1520. ಕಾಯಿ ಮುಟ್ಟಿರಲಿಲ್ಲ. ನಮ್ಮ ದೇಶದ ಮಕ್ಕಳು ವೇಗವಾಗಿ ಬೆಳೆದು, ಕಡಿಮೆ ಅಂಕದಲ್ಲೇ ದೊಡ್ಡವರನ್ನು ಕೆಡವುತ್ತಿದ್ದಾಗ ಕೆಳಗಿನ ಅಂಕಗಳು ಕುಸಿದಿದ್ದು ನಿಜ, ಸರಿಪಡಿಸಬೇಕಾದದ್ದೂ ನಿಜ. ತಾಯಂದಿರು ಹಂಚಿದ ಪೇಡೆಯೂ ಅಷ್ಟೇ ನಿಜ. ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕಂತೂ, ಅದಕ್ಕೆ ಬೇಕಾದ ನಾರ್ಮ್‌ಗಳು ಕೈಯಲ್ಲಿದ್ದರೆ, 2500ನ್ನು ಒಮ್ಮೆ ಮುಟ್ಟಿದರೆ ಸಾಕು, ಮರುದಿನ ಇಳಿದರೂ ಪಟ್ಟ ಜೀವಮಾನದ್ದು. 2017ರಲ್ಲಿ ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ನಾವ್ಯಾರೂ ಪ್ಲಸ್-ಮೈನಸ್ ಕೇಳಲಿಲ್ಲ. ಕೇಳಬಾರದು ಕೂಡ, ನಾರ್ಮ್‌ಗಳಿಗಾಗಿ ವರ್ಷಗಟ್ಟಲೆ ಅಲೆದವರ ಮುಂದೆ ನಿಮ್ಮಂಥವರು ಬಾಯಿಮುಚ್ಚಿಕೊಂಡಿರುವುದೇ ಮರ್ಯಾದೆ.

ಅಂತೂ ಯೋಚಿಸಿ ನೋಡಿದರೆ ನಿಮ್ಮನ್ನು ನಿವೃತ್ತಿಗೆ ಕಳಿಸುವುದು ನಷ್ಟದ ಬಾಬತ್ತು. ಅದರ ಬದಲು ವರ್ಗಾವಣೆ ಆಗಲಿ. ಚೆಸ್ ಪಟ್ಟಿಯಲ್ಲಿ ನಿಮಗೆ ಒಂದು ಓಣಿಯಾದರೂ ಇದೆ, ಆಟ ಎಷ್ಟು ಎಂಬ ಕಾಲಂ ಕೂಡ ಪಕ್ಕದಲ್ಲೇ ಇದೆ. ನಮ್ಮ ಕಡೆಯ ಪಟ್ಟಿಗಳಲ್ಲಿ ಅದೂ ಇಲ್ಲ. ಸ್ವಚ್ಛ ಸರ್ವೇಕ್ಷಣದಲ್ಲಿ 2016ರಲ್ಲಿ ಮೈಸೂರು ದೇಶಕ್ಕೇ ಮೊದಲು, ಆಗ ಕಣದಲ್ಲಿದ್ದದ್ದು 73 ನಗರಗಳು. ಮರುವರ್ಷ ನಗರಗಳು 434 ಆದವು, ಮೈಸೂರು ಐದಕ್ಕೆ ಇಳಿಯಿತು. ಬಾವಿಯೇ ಬದಲಾದದ್ದನ್ನು ಬಿಟ್ಟು, ಪೌರಕಾರ್ಮಿಕರು ಕೆಲಸ ಬಿಟ್ಟರೇ ಎಂದು ಚರ್ಚೆ. ನಮ್ಮ ಜಿಲ್ಲೆಗೆ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಹೆಸರು, ಕಾರವಾರ ಒಂದು ಶೈಕ್ಷಣಿಕ ಜಿಲ್ಲೆ, ಶಿರಸಿ ಇನ್ನೊಂದು. ಫಲಿತಾಂಶದ ದಿನ ದಶಮಾಂಶದ ನಂತರದ ಅಂಕಿ ಹಿಡಿದು ಘಟ್ಟದ ಮೇಲಿನವರೂ ಕೆಳಗಿನವರೂ ಮೀಸೆ ತಿರುವುತ್ತಾರೆ. ಕೆಲವು ಸಾವಿರ ಮಕ್ಕಳು ಬರೆದ ಪರೀಕ್ಷೆಯಲ್ಲಿ ದಶಮಾಂಶದ ಎರಡನೇ ಸ್ಥಾನಕ್ಕೆ ಎಷ್ಟು ಅರ್ಥ ಎಂದು ಕೇಳಲು ಯಾರೂ ಇಲ್ಲ, ಆ ಹುದ್ದೆ ಖಾಲಿ ಇದೆ. 2023ರಿಂದ ಚಾಟ್‌ಬಾಟ್‌ಗಳಿಗೂ ಎಲೋ ಅಂಕ ಕೊಡುವ ಪಟ್ಟಿ ಶುರುವಾಗಿದೆ, ಅಲ್ಲೂ ನಿಮ್ಮನ್ನು ಸಣ್ಣಕ್ಷರದಲ್ಲೇ ಕೂರಿಸಿದ್ದಾರೆ. ಬೆಂಗಳೂರಿನವರು ಓದುವುದು ಕ್ರಮಸಂಖ್ಯೆಯನ್ನೇ.

ಬರುವಾಗ ಷರತ್ತು ಹಾಕಿಕೊಂಡೇ ಬನ್ನಿ. ಅಂಕದಷ್ಟೇ ದಪ್ಪಕ್ಷರ ಬೇಕು ಎನ್ನಿ. ಹತ್ತಿರ ಹತ್ತಿರ ಇರುವವರಿಗೆ "1ರಿಂದ 4" ಎಂದು ಒಂದೇ ಕ್ರಮಸಂಖ್ಯೆ ಹಂಚಬೇಕು ಎನ್ನಿ. ನಿಮ್ಮ ಜೊತೆಗೆ ಒಬ್ಬ ಗುಮಾಸ್ತನೂ ಬೇಕು: ಯಾವ ಯಂತ್ರ, ಎಷ್ಟು ಸಮಯ, ಯಾವ ಓಪನಿಂಗು, ಯಾರೊಡನೆ ಆಟ ಎಂದು ಬರೆದಿಡಲು. ನಿಮಗೆ ಕಾಣದ್ದನ್ನು ಅವನು ನೋಡಿಕೊಳ್ಳಲಿ.

ನಮ್ಮೂರ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಿಗೆ ಮಾತ್ರ ದಯವಿಟ್ಟು ಕಾಲಿಡಬೇಡಿ. ಅಲ್ಲಿ ಫೈನಲ್ ಒಂದೇ, ಬಿಣಗಾದವರೂ ಬಂದಿರುತ್ತಾರೆ, ಟ್ರೋಫಿ ಆಗಲೇ ತಂದಿಟ್ಟಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಅರ್ಗಾದ ಒಬ್ಬ ಚೆಸ್ ಹುಚ್ಚ

ತಾ.ಕ.: ಹುಡುಗ ಈಗ ಎರಡನೇ ನಂಬರಿನ ಪ್ರೋಗ್ರಾಮಿನಲ್ಲಿ ಅಭ್ಯಾಸ ಮಾಡುತ್ತಿದ್ದಾನೆ. ಎರಡರ ಕೈಯಲ್ಲೂ ಇಪ್ಪತ್ತು ನಡೆಯೊಳಗೇ ಸೋಲುತ್ತಾನೆ.